ಗಾಳಿಮರೆಯ ನೀರು

ಇತ್ಬಾಯಾತ್
ಅಕ್ಟೋಬರ್ ೧೯, ೧೯೮೧

ಪ್ರೀತಿಯ ಡೆನ್ಸಿಯೊ,

ಈ ಕಾಗದವನ್ನು ನಿನ್ನ ದೋಣಿಯಲ್ಲೇ ಕಳಿಸುತ್ತಿದ್ದೇನೆ. ಅಂದರೆ ನನ್ನ ಬೈಗುಳವನ್ನು ನೀನೇ ಹೊತ್ತುಕೊಂಡು ಹೋಗುತ್ತೀಯ. ಕಡಲಾಚೆ ನಿನ್ನ ಬಾಸ್ಕೊ ಮುಟ್ಟುವ ತನಕ ಒಡೆಯಬೇಡ, ಚುಕ್ಕಾಣಿ ಹಿಡಿದವನು ಓದುತ್ತ ಕೂರಬಾರದು.

ನಾನೇ ಬಂದರಿಗೆ ಇಳಿದು ಮುಖ ನೋಡಿ ಹೇಳಬಹುದಿತ್ತು. ಆದರೆ ಬಂಡೆಯಲ್ಲಿ ಕಡಿದ ಆ ಮೆಟ್ಟಿಲುಗಳಿಗೆ ನನ್ನ ಮೊಣಕಾಲು ಒಪ್ಪುವುದಿಲ್ಲ. ನಿನಗೋ ಅಲ್ಲಿ ಲಂಗರು ಹಾಕಲು ಜಾಗವಿಲ್ಲ. ಅಲೆ ದೋಣಿಯನ್ನು ಎತ್ತಿ ಹಿಡಿದ ಗಳಿಗೆಗೆ ಒಬ್ಬೊಬ್ಬರನ್ನೇ ಮೆಟ್ಟಿಲಿಗೆ ಹಾರಿಸಿ, ಅಕ್ಕಿ ಮೂಟೆ ಎಸೆದು, ಬಂಡೆಗೆ ಬಡಿಯುವ ಮೊದಲೇ ತಿರುಗಿ ಹೊರಡಬೇಕು. ಊರು ಮೇಲೆ, ನೀನು ಕೆಳಗೆ. ಊರಿನ ಕಿರಿಯರಿಗೆಲ್ಲ ನಾನು ಮಾರಾನ್, ಅಂದರೆ ಮಾವ; ನಿನಗೆ ಸ್ವಂತ ಸೋದರಮಾವ, ಆದರೂ ಇಬ್ಬರೂ ಹೀಗೆ ಕಾಗದ ಬರೆದುಕೊಳ್ಳಬೇಕಾಯಿತು ನೋಡು.

ಅಂಗಡಿಯವನು ನಿನ್ನೆ ಹಂದಿ ಕಡಿದು ಊರಿಗೆಲ್ಲ ಊಟ ಹಾಕಿದ. ಆ ಗಾಳಿಯಲ್ಲಿ ನೀನು ಬಾಸ್ಕೊದಿಂದ ಬಂದು, ಹೆರಿಗೆ ಕಷ್ಟವಾಗಿದ್ದ ಅವನ ಹೆಂಡತಿಯನ್ನು ಅಲ್ಲಿನ ಆಸ್ಪತ್ರೆಗೆ ಒಯ್ದು ಬದುಕಿಸಿದೆ ಎಂದು. ಮಗುವಿಗೆ ನಿನ್ನದೇ ಹೆಸರಂತೆ. ನಿನ್ನ ಅತ್ತೆ ಲೂಮಿ ಹೋಗಿ, ಎರಡು ಸಲ ಬಡಿಸಿಕೊಂಡು, ಹೊಗಳಿಕೆಯನ್ನೆಲ್ಲ ಮಡಿಲಿಗೆ ತುಂಬಿಕೊಂಡು ಬಂದಳು. ನಾನು ಹೋಗಲಿಲ್ಲ. ಕಾಲು ನೋವು ಎಂದೆ. ಕಾಲು ನೋವಿತ್ತು, ಆದರೆ ಕಾರಣ ಅದಲ್ಲ.

ನಿನ್ನ ಎಂಜಿನ್ ನೋಡಿಕೊಳ್ಳುವ ಉರ್ಬಾನೊ ಇಲ್ಲಿಗೆ ಬಂದಿದ್ದ. ನಿನ್ನನ್ನು ಹೊಗಳಲೆಂದೇ ಬಂದವನು, ಮಾತಾಡುತ್ತ ಆಡುತ್ತ ಎಲ್ಲ ಹೇಳಿದ. ರೇಡಿಯೊದಲ್ಲಿ ಹೊರಡಬೇಡಿ ಎಂದಿದ್ದರಂತೆ. ಅವನೂ ದೋಣಿಯ ಅಡುಗೆಯವನೂ ಬೇಡ ಎಂದರಂತೆ. ನೀನು ಅಂದದ್ದು: “ಹೆದರಿಕೆ ಇರೋರು ಇಳ್ಕೊಳ್ಳಿ, ಈಗಲೇ.” ಯಾರು ಇಳಿಯುತ್ತಾರೆ ಹೇಳು, ಹಾಗೆ ಕೇಳಿದ ಮೇಲೆ? ಎಲ್ಲಿಂದ ತಿರುಗಿ ಬರಬೇಕು ಎಂಬುದನ್ನೂ ದಡದ ಮೇಲೆ ಗೊತ್ತು ಮಾಡಿಕೊಳ್ಳಲಿಲ್ಲ. ನಡುಗಡಲಿನಲ್ಲಿ ಗಾಳಿ ತಾನಾಗಿ ಇಳಿಯಿತು. ನೀನು ಇಳಿಸಲಿಲ್ಲ.

ನೀನು ಚೆನ್ನಾಗಿ ದಾಟಿದೆ ಡೆನ್ಸಿಯೊ. ಅಲೆಯ ಬೆನ್ನು ಹಿಡಿಯುವುದರಲ್ಲಿ ನಿನ್ನನ್ನು ಮೀರಿಸುವವರು ಈ ದ್ವೀಪಗಳಲ್ಲಿ ಇಲ್ಲ, ಕಲಿಸಿದವನೂ ಮೀರಿಸಲಾರ. ಆದರೆ ಚೆನ್ನಾಗಿ ತೀರ್ಮಾನ ಮಾಡಲಿಲ್ಲ. ಇವೆರಡೂ ಒಂದೇ ಎಂದು ಊರವರು ತಿಳಿದಿದ್ದಾರೆ, ತಿಳಿಯಲಿ. ನೀನು ತಿಳಿಯಬಾರದು. ನಾನು ದೋಣಿ ನಡೆಸುತ್ತಿದ್ದಾಗ ಮೊದಲು ಅಡುಗೆಯವನನ್ನು ಕೇಳುತ್ತಿದ್ದೆ, ಆಮೇಲೆ ಉಳಿದವರನ್ನು, ಕೊನೆಗೆ ನನ್ನನ್ನು. ನಾನು ಮೊದಲು ಬಾಯಿಬಿಟ್ಟರೆ ಮಿಕ್ಕವರೆಲ್ಲ ನನ್ನದೇ ಮಾತು ಹೇಳುತ್ತಿದ್ದರು. ಮತ್ತೆ, ದೋಣಿಯಲ್ಲಿ ನಿಂತವನಿಗೆ ಎದುರಿನ ದ್ವೀಪದ ತುದಿ ಅಲೆಯ ಹಿಂದೆ ಮುಳುಗಿ ಕಾಣದಾದರೆ ಅಲ್ಲಿಂದಲೇ ತಿರುಗುವುದು ಎಂದು ದಡದಲ್ಲೇ ಹೇಳಿಬಿಡುತ್ತಿದ್ದೆ. ನೀರಿನ ನಡುವೆ ಯಾರ ತಲೆಯೂ ಸರಿಯಿರುವುದಿಲ್ಲ. ಇದೆಲ್ಲ ನಿನಗೆ ಗೊತ್ತು.

ಅತ್ತೆ ಒಣಮೀನು ಕಟ್ಟಿದ್ದಾಳೆ. ಈ ಕಾಗದದಲ್ಲಿ ಏನಿದೆ ಎಂದು ಕೇಳಿದಳು. ಮೇಕೆ ಈದ ಸುದ್ದಿ ಎಂದೆ. ಮೇಕೆ ಈದದ್ದು ನಿಜ.

ನಿನ್ನ ಮಾರಾನ್,
ಅನಾಕ್ಲೇತೊ


ಬಾಸ್ಕೊ
ನವೆಂಬರ್ ೮, ೧೯೮೧

ಮಾರಾನ್,

ತಾಯಿ ಇದ್ದಾಳೆ, ಮಗು ಇದೆ, ದೋಣಿ ಇದೆ, ನಾವೆಲ್ಲ ಇದ್ದೇವೆ. ಇನ್ನೇನು ಆಗಬೇಕಿತ್ತು? ಬರದೇ ಇದ್ದಿದ್ದರೆ ಅವಳು ಸಾಯುತ್ತಿದ್ದಳು. ಅದನ್ನು ಯಾಕೆ ನೀವು ಬರೆಯಲಿಲ್ಲ?

ಊರೆಲ್ಲ ಬೆನ್ನು ತಟ್ಟಿತು. ಚಿಕ್ಕಂದಿನಿಂದ ಯಾರ ಕೈ ನನ್ನ ಬೆನ್ನ ಮೇಲೆ ಬೀಳಲಿ ಎಂದು ಕಾಯುತ್ತಿದ್ದೆನೋ ಆ ಕೈ ಮಾತ್ರ ಬೀಳಲಿಲ್ಲ. ಮನೆ ಮುಂದಿನ ಬೆಂಚಿನ ಮೇಲೆ ಕೂತವರಿಗೆ ಕಡಲು ಯಾವಾಗಲೂ ಚಿಕ್ಕದಾಗಿಯೇ ಕಾಣುತ್ತದೆ.

ಒಣಮೀನು ತಲುಪಿತು. ಅತ್ತೆಗೆ ಹೇಳಿ.

ಗೌದೆನ್ಸಿಯೊ


ಇತ್ಬಾಯಾತ್
ಡಿಸೆಂಬರ್ ೧೩, ೧೯೮೧

ಡೆನ್ಸಿಯೊ,

ಪೂರ್ತಿ ಹೆಸರಿನಲ್ಲಿ ಸಹಿ ಹಾಕಿದ್ದೀಯ. ಬ್ಯಾಂಕಿನವರಿಗೆ ಬರೆದ ಹಾಗೆ. ನಿನ್ನ ಸಿಟ್ಟು ಅರ್ಥವಾಯಿತು.

ಆಮೇಲೆ ಎರಡು ಸಲ ನಿನ್ನ ದೋಣಿ ಬಂದು ಹೋಯಿತು. ಎಂಜಿನ್ ಸದ್ದು ಮನೆಗೆ ಕೇಳುತ್ತದೆ. ಅತ್ತೆ ಎರಡೂ ಸಲ ಬಾಗಿಲಿಗೆ ಹೋಗಿ ನಿಂತು, ಸದ್ದು ದೂರವಾದ ಮೇಲೆ ಒಳಗೆ ಬಂದಳು. ಯಾರ ಕೈಯಲ್ಲೂ ನೀನು ಚೀಟಿ ಕಳಿಸಿರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಹೌದು, ಬರದಿದ್ದರೆ ಅವಳು ಸಾಯಬಹುದಿತ್ತು. ಬಂದದ್ದರಿಂದ ಅವಳೂ, ಹೊಟ್ಟೆಯೊಳಗಿನದೂ, ನೀನೂ, ಉರ್ಬಾನೊನೂ, ಅಡುಗೆಯವನೂ ಸಾಯಬಹುದಿತ್ತು. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ಬಂದಿದ್ದರೆ ನಾನೇ ಕುಂಟುತ್ತ ಬಂದು ಬೆನ್ನು ತಟ್ಟುತ್ತಿದ್ದೆ. ನೀನು ತೂಗಲಿಲ್ಲ, ಹಾರಿದೆ. ದಾಟಿ ಬಂದವನು ಊಟದ ಪಂಕ್ತಿಯಲ್ಲಿ ಕೂತು ಕಥೆ ಹೇಳುತ್ತಾನೆ, ಕೇಳುವವರು ಬಾಯಿ ತೆರೆದು ಕೇಳುತ್ತಾರೆ. ದಾಟದವನು ಯಾವ ಪಂಕ್ತಿಯಲ್ಲೂ ಕೂರುವುದಿಲ್ಲ. ಹೀಗಾಗಿ ನಮ್ಮೂರಿನಲ್ಲಿ ಇರುವ ಕಥೆಗಳೆಲ್ಲ ದಾಟಿದವರದ್ದೇ. ಅವನ್ನು ಕೇಳಿ ಬೆಳೆದವರಿಗೆ ಈ ಕಡಲು ದಾಟಲಿಕ್ಕೇ ಇರುವುದು ಅನ್ನಿಸಿಬಿಡುತ್ತದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ, ಅತ್ತೆ ಪಕ್ಕದಲ್ಲೇ ಕೂತು ‘ಸಾಕು ಮಾಡಿ’ ಎನ್ನುತ್ತಿದ್ದಾಳೆ. ಈಶಾನ್ಯದ ಗಾಳಿ ಶುರುವಾಗಿದೆ. ನಮ್ಮ ಬಂದರು ಪಡುಗಡೆಗೆ, ದ್ವೀಪದ ಬೆನ್ನಿನ ಮರೆಯಲ್ಲಿ. ಗಾಳಿ ಎಷ್ಟೇ ಬೀಸಲಿ, ಕೆಳಗೆ ನೀರು ಎಣ್ಣೆ ಹರಡಿದ ಹಾಗಿರುತ್ತದೆ. ನಿಮ್ಮ ಬಾಸ್ಕೊದಲ್ಲೂ ಹಾಗೇ. ಎರಡು ತುದಿಯಲ್ಲಿ ನಿಂತವರೂ ‘ನೀರು ಚೆನ್ನಾಗಿದೆಯಲ್ಲ’ ಎನ್ನುತ್ತಾರೆ. ನಡುವೆ ಏನಿದೆ ಎಂದು ನೋಡಬೇಕಾದವನು ನೀನೊಬ್ಬನೇ.

ಅತ್ತೆಗೆ ಸ್ವಲ್ಪ ಹೊಟ್ಟೆನೋವು, ಬಂದು ಹೋಗಿ ಮಾಡುತ್ತಿದೆ. ಸೂಲಗಿತ್ತಿ ಕಷಾಯ ಕೊಟ್ಟಿದ್ದಾಳೆ. ನಿನಗೆ ಬರೆಯಬೇಡ ಎಂದಳು, ಬರೆದಿದ್ದೇನೆ. ಕ್ರಿಸ್‌ಮಸ್‌ಗೆ ಗಾಳಿ ಬಿಟ್ಟರೆ ಬಾ, ಬಿಡದಿದ್ದರೆ ಬೇಡ.

ನಿನ್ನ ಮಾರಾನ್


ಬಾಸ್ಕೊ
ಜನವರಿ ೩೦, ೧೯೮೨

ಮಾರಾನ್,

ಅತ್ತೆ ತೀರಿಕೊಂಡ ದಿನ ನಾನು ಹೊರಟಿದ್ದೆ. ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಅಡುಗೆಯವನನ್ನು ಮೊದಲು ಕೇಳಿದೆ. ಹೋಗಿ ನೋಡೋಣ ಎಂದ. ನಡುಗಡಲಿಗೆ ಬಂದಾಗ ಇತ್ಬಾಯಾತಿನ ತುದಿ ಅಲೆಯ ಹಿಂದೆ ಮುಳುಗಿತು. ಮತ್ತೆ ಕಂಡಿತು. ಮತ್ತೆ ಮುಳುಗಿತು. ಉರ್ಬಾನೊ ನನ್ನ ಮುಖ ನೋಡಿದ. ತಿರುಗಿಸಿದೆ.

ಅಕ್ಟೋಬರ್‌ನಲ್ಲಿ ಅಲ್ಲೇ ಗಾಳಿ ಇಳಿದಿತ್ತು. ಇನ್ನು ಸ್ವಲ್ಪ ತಡೆದಿದ್ದರೆ ಇಳಿಯುತ್ತಿತ್ತೇನೋ. ನನಗೆ ಬೇರೆ ಯೋಚನೆಯೇ ಬರುತ್ತಿಲ್ಲ.

ಗಾಳಿ ನಿಂತ ಮೇಲೆ ಬಂದಾಗ ಅವರನ್ನು ಮಣ್ಣು ಮಾಡಿ ಆಗಿತ್ತು. ಸಮಾಧಿಯ ತನಕ ಬಂದು ಹಾಗೇ ಇಳಿದು ಹೋದೆ. ನಿಮ್ಮ ಮುಖ ನೋಡಲು ಆಗಲಿಲ್ಲ.

ಡೆನ್ಸಿಯೊ


ಇತ್ಬಾಯಾತ್
ಫೆಬ್ರವರಿ ೨೨, ೧೯೮೨

ಮಗನೇ,

ನಿನ್ನ ಕಾಗದ ಮಡಚಿ, ಬಿಚ್ಚಿ, ಮಡಿಕೆಯಲ್ಲೇ ಹರಿಯುತ್ತಾ ಬಂದಿದೆ. ಉತ್ತರ ಬರೆಯಲು ತಡವಾಯಿತು. ಮನೆಯಲ್ಲಿ ಒಬ್ಬನೇ ಇರುವಾಗ ಕೆಲಸ ಬೇಗ ಮುಗಿಯಬೇಕು, ಮುಗಿಯುವುದಿಲ್ಲ. ಗೆಣಸು ಬೇಯಲು ಇಟ್ಟು ಮರೆಯುತ್ತೇನೆ.

ನೀನು ಅರ್ಧ ದಾರಿ ಬಂದಿದ್ದೆ ಎಂದು ನನಗೆ ತಿಳಿದಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಒಬ್ಬಿಬ್ಬರಿಗೆ ಹೇಳಿದೆ. ಪಕ್ಕದ ಮನೆ ತೋಮಾಸಾ ಕೇಳಿ, “ಅರ್ಧ ಬಂದೋನಿಗೆ ಇನ್ನರ್ಧ ಏನು ಕೇಡು? ಅಂಗಡಿಯೋನ ಹೆಂಡ್ತಿಗಾದ್ರೆ ಬಂದ, ಸಾಕಿದ ಅತ್ತೆಗೆ ಬರಲಿಲ್ಲ” ಎಂದಳು. ಇದು ನಿನ್ನ ಕಿವಿಗೂ ಬೀಳುತ್ತದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳಲಿ ಎಂದು ಬರೆದೆ.

ಅವತ್ತಿನದನ್ನು ಹೇಳುತ್ತೇನೆ. ಕರುಳು ತಿರುಚಿಕೊಂಡಿದೆ, ಕೊಯ್ಯದೆ ದಾರಿಯಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಇಲ್ಲಿನ ದೋಣಿಗಳನ್ನೆಲ್ಲ ಚಳಿಗಾಲಕ್ಕೆ ಮೇಲೆಳೆದು ಮಗುಚಿ ಹಾಕಿದ್ದರು, ಪುಟ್ಟ ವಿಮಾನ ಆ ಮೋಡಕ್ಕೆ ಹಾರುತ್ತಿರಲಿಲ್ಲ, ನಿನ್ನ ದೋಣಿಯೊಂದೇ ನೀರಿನಲ್ಲಿದ್ದದ್ದು. ಪುರಸಭೆಗೆ ಹೋಗಿ ನಿನಗೆ ರೇಡಿಯೊದಲ್ಲಿ ‘ಬಾ’ ಎಂದು ಹೇಳಿಸಿದವನು ನಾನು. ಹೇಳಿಸಿ ಮತ್ತೆ ಹೇಳಿಸಿದೆ. ರೇಡಿಯೊದವನು ಮೆಲ್ಲಗೆ, “ಮಾರಾನ್, ಗಾಳಿ ನೋಡಿದ್ರಾ?” ಎಂದು ಕೇಳಿದ. ನೋಡಿರಲಿಲ್ಲ. ಮೂಡಣ ಗುಡ್ಡ ಹತ್ತಿದ್ದರೆ ನಡುಗಡಲು ಕಾಣುತ್ತಿತ್ತು. ನಾನು ಪಡುಗಡೆಯ ಬಂಡೆಯ ತುದಿಗೆ ಹೋಗಿ ಕೆಳಗೆ ನೋಡಿದೆ. ನೀರು ನಿದ್ದೆ ಹೋದ ಹಾಗಿತ್ತು. ‘ಇಷ್ಟು ಚೆನ್ನಾಗಿರುವಾಗ ಯಾಕೆ ಬರುವುದಿಲ್ಲ’ ಎಂದುಕೊಂಡೆ. ನಿನಗೆ ಬುದ್ಧಿ ಹೇಳಿ ಬರೆದ ಮಸಿ ಇನ್ನೂ ಒಣಗಿರಲಿಲ್ಲ, ಆದರೂ ಹಾಗೆ ಅಂದುಕೊಂಡೆ. ನನಗೆ ಬೇಕಾದದ್ದು ಆ ನೀರಿನಲ್ಲಿತ್ತು, ಅದಕ್ಕೇ ಅಲ್ಲಿಗೆ ಹೋಗಿ ನೋಡಿದೆ.

ನೀನು ಬಂದಿದ್ದರೆ ಅವಳನ್ನು ಹೊತ್ತು ತಂದು ಹತ್ತಿಸುತ್ತಿದ್ದೆ, ನಾನೂ ಹತ್ತುತ್ತಿದ್ದೆ. ಆಮೇಲೆ ನಡುಗಡಲು. ನೀನು ನನ್ನ ಮಾತು ಕೇಳಲಿಲ್ಲ, ಅದು ಸರಿ. ಅವತ್ತು ನನ್ನ ಮಾತಿಗೆ ಬೆಲೆಯಿರಲಿಲ್ಲ. ಹೆಂಡತಿ ಮಂಚದ ಮೇಲಿರುವಾಗ ಗಂಡನನ್ನು ಹವಾಮಾನ ಕೇಳಬಾರದು.

‘ಇನ್ನು ಸ್ವಲ್ಪ ತಡೆದಿದ್ದರೆ’ ಎಂದಿದ್ದೀಯಲ್ಲ, ಅದನ್ನು ಹೇಳುತ್ತಿರುವುದು ನೀನಲ್ಲ, ನಿನ್ನೊಳಗೆ ಕೂತ ಅಕ್ಟೋಬರ್. ಆಗ ಇಳಿದ ಗಾಳಿ ಈ ಸಲವೂ ಇಳಿಯುತ್ತದೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ. ಅವತ್ತು ಸಂಜೆ ತನಕ ಅದು ಇಳಿಯಲೂ ಇಲ್ಲ, ಆದರೆ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಳಿದಿದ್ದರೂ ನೀನು ತಿರುಗಿದ್ದು ಸರಿಯೇ. ನೀನು ತಿರುಗಿದ ಗಳಿಗೆಯಲ್ಲಿ ನಿನಗೆ ಏನು ಕಾಣುತ್ತಿತ್ತೋ ಅಷ್ಟನ್ನೇ ನಾನು ನೋಡುವುದು. ಅಕ್ಟೋಬರ್‌ನಲ್ಲೂ ಹಾಗೇ ನೋಡಿದ್ದೆ, ನೀನು ಸಿಟ್ಟಾದೆ.

ನಿನ್ನ ಸಮಾಧಾನಕ್ಕೆ ಒಂದು ಸುಳ್ಳು ಬರೆಯಬಹುದು. ‘ಈ ಗಾಳಿಯಲ್ಲಿ ಅವನು ಬರುವುದು ಬೇಡ’ ಎಂದು ಅತ್ತೆ ಹೇಳಿದಳು ಎಂದು. ಹೇಳಲಿಲ್ಲ. “ಡೆನ್ಸಿಯೊ ಹೊರಟ್ನಾ?” ಎಂದು ಕೇಳುತ್ತಿದ್ದಳು. ಕೊನೆಯ ತನಕ ಕೇಳಿದಳು. “ಹೊರಟಿದಾನೆ” ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು ಎಂದು ನಿನ್ನ ಕಾಗದದಿಂದ ತಿಳಿಯಿತು. ತೀರ್ಮಾನ ಸರಿಯಾಗಿದ್ದರೆ ಎದೆ ಹಗುರಾಗುತ್ತದೆ ಎಂದು ನಾನು ನಿನಗೆ ಎಂದೂ ಹೇಳಿಕೊಟ್ಟಿಲ್ಲ. ಹಗುರಾಗುವುದಿಲ್ಲ. ಆದರೂ ಅದು ಸರಿಯೇ.

ಬಂದಾಗ ಮೇಲೆ ಹತ್ತಿ ಬಾ. ಮುಖ ನೋಡಬೇಕಾಗಿಲ್ಲ, ಬೆನ್ನು ತಿರುಗಿಸಿ ಕೂತು ಊಟ ಮಾಡಿದರೂ ಆಯಿತು.

ಅನಾಕ್ಲೇತೊ


ಇತ್ಬಾಯಾತ್
ಜುಲೈ ೪, ೧೯೮೨

ಡೆನ್ಸಿಯೊ,

ಬೇಸಿಗೆಯೆಲ್ಲ ಕಡಲು ಮಗುವಿನ ಹಾಗೆ ಮಲಗಿತ್ತು. ದೋಣಿ ಬಂತು, ಹೋಯಿತು. ನಡೆಸುತ್ತಿರುವವನು ಉರ್ಬಾನೊ, ನೀನು ಎಂಜಿನ್ ಪಕ್ಕ ಕೂತು ಬರುತ್ತೀಯಂತೆ. ದೋಣಿಯನ್ನು ಅಡುಗೆಯವನ ಕೈಗೆ ಬಿಟ್ಟು ಅವನೇ ಮೇಲೆ ಬಂದು ಹೇಳಿದ. “ಚುಕ್ಕಾಣಿ ಮುಟ್ಟೋದೇ ಇಲ್ಲ ಮಾರಾನ್. ಏನ್ ಕೇಳಿದ್ರೂ ‘ನಿನಗೆ ಸರಿ ಕಂಡ ಹಾಗೆ’ ಅಂತಾನೆ. ನನಗೆ ಸರಿ ಕಾಣೋ ಹಾಗಿದ್ರೆ ಇಷ್ಟು ವರ್ಷ ಎಂಜಿನ್ ಎಣ್ಣೆ ಕುಡೀತಾ ಕೂರ್ತಿದ್ನಾ?” ಎಂದ. ನಕ್ಕೆವು.

ಉರ್ಬಾನೊ ಒಳ್ಳೆಯವನು. ಆದರೆ ಬಾಸ್ಕೊ ದಡದಲ್ಲಿ ಯಾರಾದರೂ ಜೋರು ಮಾಡಿದರೆ ಹೊರಟುಬಿಡುತ್ತಾನೆ. ಚಳಿಗಾಲದೊಳಗೆ ನೀನು ಚುಕ್ಕಾಣಿ ಹಿಡಿಯಬೇಕು. ಏನೂ ತೀರ್ಮಾನ ಮಾಡುವುದಿಲ್ಲ ಎಂದು ಕೂತರೆ ಅದೂ ಒಂದು ತೀರ್ಮಾನವೇ. ಅದನ್ನು ನಿನ್ನ ಬದಲಿಗೆ ಗಾಳಿ ಮಾಡುತ್ತದೆ, ಉರ್ಬಾನೊನ ಪ್ರಾಣದ ಮೇಲೆ.

ಚಾವಣಿಗೆ ಹೊಸ ಹುಲ್ಲು ಹೊದಿಸಿದರು. ಊರವರು ಸೇರಿ ಒಂದೇ ದಿನದಲ್ಲಿ ಮುಗಿಸಿದರು. ಹಿಂದೆಲ್ಲ ಅಂಥ ದಿನ ಊಟದ ಗದ್ದಲವೇ ಹೆಚ್ಚಾಗಿರುತ್ತಿತ್ತು. ಈ ಸಲ ಎಲ್ಲರೂ ಬುತ್ತಿ ತಂದಿದ್ದರು.

ನಿನ್ನ ಮಾರಾನ್


ಬಾಸ್ಕೊ
ಡಿಸೆಂಬರ್ ೨೮, ೧೯೮೨

ಮಾರಾನ್,

ಉತ್ತರ ಬರೆಯದೆ ಬಹಳ ಕಾಲವಾಯಿತು. ಚುಕ್ಕಾಣಿ ನಾನೇ ಹಿಡಿದಿದ್ದೇನೆ. ಉರ್ಬಾನೊಗೆ ಈಗ ರಾತ್ರಿ ನಿದ್ದೆ ಬರುತ್ತದಂತೆ.

ಜನವರಿ ಇಪ್ಪತ್ತೊಂದಕ್ಕೆ ಅತ್ತೆಯ ವರ್ಷದ ಪ್ರಾರ್ಥನೆ. ಈ ಸಲ ಬರುತ್ತೇನೆ. ಏನೇ ಆಗಲಿ ಬರುತ್ತೇನೆ. ಮೇಲೆ ಹತ್ತಿ ಬಂದು ನಿಮ್ಮ ಎದುರಿಗೇ ಕೂರುತ್ತೇನೆ. ತೋಮಾಸಾಳಿಗೂ ಹೇಳಿ.

ನಿಮ್ಮ ಡೆನ್ಸಿಯೊ


ಇತ್ಬಾಯಾತ್
ಜನವರಿ ೧೫, ೧೯೮೩

ಡೆನ್ಸಿಯೊ,

ದೋಣಿಯಿಲ್ಲ, ಅದಕ್ಕೇ ಪುಟ್ಟ ವಿಮಾನದ ಅಂಚೆ ಚೀಲಕ್ಕೆ ಹಾಕಿಸುತ್ತಿದ್ದೇನೆ. ರೇಡಿಯೊದಲ್ಲಿ ಹೇಳಿಸುವುದಿಲ್ಲ, ಹೋದ ವರ್ಷ ಅದರಲ್ಲಿ ‘ಬಾ’ ಎಂದವನು ನಾನೇ. ಮೋಡ ಬಿಟ್ಟರೆ ನಾಳೆ ಹಾರುತ್ತದಂತೆ.

‘ಏನೇ ಆಗಲಿ’ ಎಂಬ ಮಾತನ್ನು ಎರಡು ಸಲ ಓದಿದೆ. ನೀನು ಬರುವ ಸಂತೋಷವನ್ನು ಅದೇ ತಿಂದುಹಾಕಿತು. ಕಡಲಿಗೆ ತಾರೀಖು ಕೊಡಬೇಡ ಮಗನೇ. ತೋಮಾಸಾಳ ಬಾಯಿ ಮುಚ್ಚಿಸಲು ಬರಬೇಡ. ಹೋದ ವರ್ಷದ್ದನ್ನು ಈ ವರ್ಷ ತೀರಿಸುತ್ತೇನೆ ಎಂದು ಬರಬೇಡ. ಸತ್ತವಳಿಗೆ ಅವಸರವಿಲ್ಲ. ಬದುಕಿರುವವನು ನಾನೊಬ್ಬ, ನನಗೆ ಇನ್ನೊಂದು ಸಮಾಧಿ ನೋಡಿಕೊಳ್ಳುವ ಶಕ್ತಿಯಿಲ್ಲ.

ಗಾಳಿ ಇಲ್ಲದಿದ್ದರೆ ಬಾ. ಬಾ ಎಂದು ಬರೆಯಲು ಎಷ್ಟು ಆಸೆಯಿದೆ ಎಂದು ನಿನಗೆ ಗೊತ್ತಾಗುವುದಿಲ್ಲ.

ಅನಾಕ್ಲೇತೊ


ಇತ್ಬಾಯಾತ್
ಜನವರಿ ೨೨, ೧೯೮೩

ಪ್ರೀತಿಯ ಡೆನ್ಸಿಯೊ,

ನಿನ್ನೆ ನೀನು ಬರಲಿಲ್ಲ.

ಬೆಳಿಗ್ಗೆ ಸಮಾಧಿಯ ಬಳಿ ಪ್ರಾರ್ಥನೆ ಆಯಿತು. ಗಾಳಿಗೆ ಮೇಣದಬತ್ತಿ ನಿಲ್ಲಲಿಲ್ಲ, ಹಚ್ಚುವುದನ್ನು ಬಿಟ್ಟೆವು. ಮನೆಯಲ್ಲಿ ಹೆಂಗಸರು ಅರಿಶಿನದ ಅನ್ನ ಮಾಡಿ ಜೀಗುಜ್ಜೆ ಮರದ ಅಗಲ ಎಲೆಯಲ್ಲಿ ಕಟ್ಟುತ್ತಿದ್ದರು. ಹಂದಿ ಅದರ ಕೊಬ್ಬಿನಲ್ಲೇ ಬೇಯುತ್ತಿತ್ತು. ತೋಮಾಸಾ ಬಂದರಿನ ಕಡೆಯಿಂದ ಬಂದು, “ಕೆಳಗೆ ನೀರು ತಟ್ಟೆ ಇಟ್ಟ ಹಾಗಿದೆ. ಇವತ್ತಾದ್ರೂ ಬರ್ತಾನೆ ಬಿಡಿ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಎಲ್ಲರೂ ಹೌದೌದು ಎಂದರು. ನನಗೆ ಅಲ್ಲಿ ಕೂರಲು ಆಗಲಿಲ್ಲ. ಕೋಲು ಹಿಡಿದು ಮೂಡಣ ಗುಡ್ಡ ಹತ್ತಿದೆ. ಕಾಲು ಏನೆಂದಿತು ಎಂದು ಬರೆಯುವುದಿಲ್ಲ.

ನಡುಗಡಲೆಲ್ಲ ಬಿಳಿ. ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ. ಅದರೊಳಗೆ ದೋಣಿ ಹುಡುಕಿದೆ. ಹುಡುಕುತ್ತ, ಕಾಣಬಾರದು ಎಂದು ಬೇಡಿಕೊಂಡೆ. ಕಾಣಲಿಲ್ಲ. ಕಾಣದಿರುವುದಕ್ಕೆ ಎರಡು ಕಾರಣಗಳಿರಬಹುದು ಎಂದು ಆಮೇಲೆ ಹೊಳೆಯಿತು. ಅಲ್ಲೇ ಹುಲ್ಲಿನಲ್ಲಿ ಕೂತುಬಿಟ್ಟೆ. ನೀನು ಹೊರಟಿಲ್ಲವೋ, ಹೊರಟು ಇಲ್ಲವಾದೆಯೋ. ಎರಡೂ ಗುಡ್ಡದ ಮೇಲಿಂದ ಒಂದೇ ಥರ ಕಾಣುತ್ತವೆ ಡೆನ್ಸಿಯೊ.

ನನ್ನ ಕಾಗದ ಓದಿದ್ದರೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕೂತೆ.

ಮಧ್ಯಾಹ್ನ ರೇಡಿಯೊದವನು ನನ್ನನ್ನು ಹುಡುಕಿಕೊಂಡು ಗುಡ್ಡ ಹತ್ತಿದ. ಅವನ ಕೈಯಲ್ಲಿ ನನ್ನದೇ ಕಾಗದವಿತ್ತು. ಮೋಡ ಬಿಡದೆ ವಿಮಾನ ಒಂದು ವಾರದಿಂದ ಹಾರಿಯೇ ಇಲ್ಲ, ಚೀಲ ಪುರಸಭೆಯ ಮೂಲೆಯಲ್ಲೇ ಬಿದ್ದಿತ್ತಂತೆ. ಅದನ್ನು ನೋಡಿ ಕೋಲು ಊರಿ ಏಳಲು ಹೋದೆ. ಅವನು ಏದುಸಿರು ಬಿಡುತ್ತ ಹೇಳಿದ: “ಬಾಸ್ಕೊದಿಂದ ಈಗ ಸುದ್ದಿ ಬಂತು ಮಾರಾನ್. ದೋಣಿ ಅಲ್ಲೇ ಇದೆ. ಅಡುಗೆಯೋನು ಬೇಡ ಅಂದ, ಉರ್ಬಾನೊ ಬೇಡ ಅಂದ, ಡೆನ್ಸಿಯೊನೂ ಬೇಡ ಅಂದ. ಹೊರಟಿಲ್ಲ. ನಿಮಗೆ ಹೇಳಬೇಕಂತೆ.”

ನಾನು ನಕ್ಕದ್ದನ್ನು ನೋಡಿ ಅವನು ನನ್ನ ತೋಳು ಹಿಡಿದುಕೊಂಡ. ಮುದುಕನಿಗೆ ತಲೆ ಕೆಟ್ಟಿತು ಎಂದುಕೊಂಡನೋ ಏನೋ.

ನನ್ನ ಬುದ್ಧಿಮಾತು ನಿನ್ನನ್ನು ಮುಟ್ಟಿರಲಿಲ್ಲ. ನೀನೇ ನೋಡಿದೆ, ನೀನೇ ಕೇಳಿದೆ, ನೀನೇ ನಿಂತೆ. ಕೊಟ್ಟ ಮಾತು ಮುರಿದು ನಿಂತೆ. ಅದು ಎಷ್ಟು ಕಷ್ಟ ಎಂದು ಅನ್ನ ತಿನ್ನಲು ಬಂದವರಿಗೆ ತಿಳಿಯುವುದಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದೆ. ತೋಮಾಸಾ, “ಈ ಸಲಾನೂ ಕೈ ಕೊಟ್ಟ ನೋಡಿ” ಎಂದಳು. ನಾನು ಅಂದೆ, “ಕೊಟ್ಟ ತೋಮಾಸಾ. ಬೆಳಿಗ್ಗೆಯಿಂದ ನಾನು ಕೇಳ್ಕೊಂಡಿದ್ದೂ ಅದನ್ನೇ. ನೀನು ಊಟ ಮಾಡು.” ಅವಳು ಊಟ ಮಾಡಿದಳು. ಹೋಗುವಾಗ ನನ್ನ ಪಾತ್ರೆಗಳನ್ನು ತೊಳೆದಿಟ್ಟು ಹೋದಳು.

ಸಂಜೆಗೆ ಮನೆ ಖಾಲಿಯಾಯಿತು. ನಿನಗೆಂದು ತೆಗೆದಿಟ್ಟ ಅನ್ನದ ಎಲೆಗಂಟು ಉಳಿದಿತ್ತು. ಯಾರಿಗೂ ಕೊಡಲು ಮನಸ್ಸಾಗಲಿಲ್ಲ. ನಿನ್ನ ಜಾಗದಲ್ಲಿ ಕೂತು, ಬಿಚ್ಚಿ, ನಿಧಾನವಾಗಿ ನಾನೇ ಊಟ ಮಾಡಿದೆ. ಒಬ್ಬನಿಗೆ ಅದು ಹೆಚ್ಚಾಯಿತು, ಆದರೆ ಬಿಡಲಿಲ್ಲ. ಅನ್ನ ಚೆನ್ನಾಗಿತ್ತು.

ಗಾಳಿ ಇನ್ನೂ ಬೀಸುತ್ತಿದೆ. ಬೀಸಲಿ. ಅದು ನಿಂತ ದಿನ ಬಾ, ನಾನು ಇಲ್ಲೇ ಇರುತ್ತೇನೆ.

ನಿನ್ನ ಮಾರಾನ್,
ಅನಾಕ್ಲೇತೊ